ಮಿಲ್ಲರ್ ಸತ್ತಿದ್ದು ಎಷ್ಟು ಹೊತ್ತಿಗೆ?

ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ. ಏಳು ವರ್ಷಕ್ಕೆ ಎಷ್ಟು ಗಂಟೆ? 61 ಸಾವಿರದ ಚಿಲ್ಲರೆ. ಕ್ರಿಸ್ಟೋಫರ್ ನೋಲನ್ 2014ರಲ್ಲಿ ತೆರೆಗೆ ತಂದ ‘ಇಂಟರ್‌ಸ್ಟೆಲ್ಲರ್’ ಸಿನಿಮಾದ ಬೆರಗು, ಕಣ್ಣೀರು, ಅದರ ಸುತ್ತ ಇವತ್ತಿಗೂ ನಿಲ್ಲದ ಜಗಳ, ಎಲ್ಲವೂ ಈ ಒಂದು ಸಂಖ್ಯೆಯ ಹೊಟ್ಟೆಯೊಳಗಿವೆ!

ಕಥೆ ಮರೆತವರಿಗೆ ಎರಡು ಮಾತು. ಭೂಮಿಯಲ್ಲಿ ಬೆಳೆಗಳಿಗೆ ರೋಗ ಬಡಿದಿದೆ. ಗೋಧಿ ಹೋಯಿತು, ಬೆಂಡೆಯೂ ಕೊನೇ ಫಸಲು ಕಂಡಿತು (ಹೌದು, ಬೆಂಡೆಕಾಯಿಯೇ, ಹುಳಿ ಮಾಡುವವರ ಗತಿಯೇನು!), ಉಳಿದದ್ದು ಮೆಕ್ಕೆಜೋಳ. ಕೂಪರ್ ಎಂಬ ಮಾಜಿ ಪೈಲಟ್ ಮಗಳು ಮರ್ಫ್‌ಳನ್ನು ಬಿಟ್ಟು, ಶನಿಗ್ರಹದ ಬಳಿಯ ವರ್ಮ್‌ಹೋಲ್ ದಾಟಿ ಹೊಸ ನೆಲ ಹುಡುಕಲು ಹೊರಡುತ್ತಾನೆ. ಮೊದಲು ಇಳಿಯುವುದು ಮಿಲ್ಲರ್ ಗ್ರಹದಲ್ಲಿ. ಗಾರ್ಗಾಂಟುವಾ ಎಂಬ ದೈತ್ಯ ಕಪ್ಪುಕುಳಿಯ ಅಂಚಿನಲ್ಲೇ ಸುತ್ತುವ ಆ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ!

ಬಿಡುಗಡೆಯಾದ ದಿನದಿಂದ ‘ಸುಳ್ಳು, ಸುಳ್ಳು’ ಎಂಬ ಕೂಗು ಎದ್ದದ್ದು ಇಲ್ಲಿಗೇ. ತಿರುಗದೆ ಸುಮ್ಮನಿರುವ ಕಪ್ಪುಕುಳಿಯ ಸುತ್ತ ಗ್ರಹವೊಂದು ಒಳಗೆ ಬೀಳದೆ ಸುತ್ತಬಹುದಾದ ಅತಿ ಹತ್ತಿರದ ಕಕ್ಷೆಯಲ್ಲೂ, ಅಲ್ಲಿಯ ಒಂದು ಗಂಟೆ ಎಂದರೆ ಹೊರಗಿನ ಒಂದು ಗಂಟೆ 25 ನಿಮಿಷ, ಅಷ್ಟೇ. ಏಳು ವರ್ಷ ಎಲ್ಲಿ, 25 ನಿಮಿಷ ಎಲ್ಲಿ! ಈ ಲೆಕ್ಕ ಹಿಡಿದು ಚಿತ್ರವನ್ನು ಝಾಡಿಸಿದವರಲ್ಲಿ ಹೆಸರಾಂತ ಖಗೋಳ ಲೇಖಕ ಫಿಲ್ ಪ್ಲೇಟ್ ಕೂಡ ಒಬ್ಬರು. ಆಮೇಲೆ ಅವರೇ ಮಾತು ಹಿಂತೆಗೆದುಕೊಂಡರು. ಯಾಕೆಂದರೆ ಗಾರ್ಗಾಂಟುವಾ ತಿರುಗುತ್ತದೆ. ಅದೂ ಎಂಥ ತಿರುಗು!

ಈ ತಿರುಗಿನ ಹಿಂದೆ ಇರುವವರು ಭೌತವಿಜ್ಞಾನಿ ಕಿಪ್ ಥಾರ್ನ್; ಗುರುತ್ವದ ಅಲೆಗಳನ್ನು ಹಿಡಿದದ್ದಕ್ಕೆ 2017ರಲ್ಲಿ ನೊಬೆಲ್ ಹಂಚಿಕೊಂಡವರು. ಏಳು ವರ್ಷದ ಬೇಡಿಕೆ ನೋಲನ್‌ರದ್ದು. ಆಗದ ಮಾತು ಎಂದೇ ಥಾರ್ನ್‌ಗೆ ಮೊದಲು ಅನ್ನಿಸಿತು. ನೋಲನ್ ಪಟ್ಟು ಬಿಡಲಿಲ್ಲ. ಥಾರ್ನ್ ಲೆಕ್ಕಕ್ಕೆ ಕೂತರು, ಮತ್ತು ಲೆಕ್ಕ ಹೊಂದಿಬಿಟ್ಟಿತು! ಹತ್ತು ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿ ತನ್ನ ಗರಿಷ್ಠ ವೇಗಕ್ಕೆ ನೂರು ಲಕ್ಷ ಕೋಟಿಯಲ್ಲಿ ಒಂದು ಪಾಲಷ್ಟೇ ಕಡಿಮೆ ವೇಗದಲ್ಲಿ ತಿರುಗುತ್ತಿದ್ದರೆ, ಅದಕ್ಕೆ ತೀರಾ ಹತ್ತಿರ ಸುತ್ತುವ ಗ್ರಹದಲ್ಲಿ ಸಮಯ ಇಷ್ಟು ಹಿಗ್ಗಬಲ್ಲದು. ಪ್ರಕೃತಿಯಲ್ಲಿ ಅಂಥದ್ದು ಸಿಗುವುದು ತೀರಾ ಅಸಂಭವ. ಆದರೆ ನಿಯಮ ಮುರಿದಿಲ್ಲ.

ಈಗ ಇನ್ನೊಂದು ಸಂಗತಿ ನೋಡಿ. ತೆರೆಯ ಮೇಲೆ ನಮ್ಮ ಕಣ್ಣು ತುಂಬುವ ಗಾರ್ಗಾಂಟುವಾ ಆ ಗಾರ್ಗಾಂಟುವಾ ಅಲ್ಲವೇ ಅಲ್ಲ! ಅಷ್ಟು ವೇಗದಲ್ಲಿ ತಿರುಗುವ ಕುಳಿಯ ನೆರಳು ಒಂದು ಮಗ್ಗುಲಿಗೆ ಚಪ್ಪಟೆಯಾಗಿ ಕಾಣುತ್ತದೆ, ಜನ ಗಲಿಬಿಲಿಗೊಳ್ಳುತ್ತಾರೆ ಎಂದು ಚಿತ್ರದಲ್ಲಿ ಅದನ್ನು ಗರಿಷ್ಠದ ಶೇ 60ರಷ್ಟು ವೇಗಕ್ಕೆ ಇಳಿಸಿದ್ದಾರೆ. ಕಥೆಗೊಂದು ಕುಳಿ, ಕಣ್ಣಿಗೊಂದು ಕುಳಿ! ಅದರ ಸುತ್ತಲಿನ ಬೆಂಕಿಯ ತಟ್ಟೆಯೂ ಎರಡೂ ಕಡೆ ಒಂದೇ ಹೊಳಪಿನದು. ನಿಜವಾಗಿ ನಮ್ಮ ಕಡೆಗೆ ಧಾವಿಸಿ ಬರುವ ಬದಿ ಧಗಧಗಿಸಬೇಕು, ದೂರ ಸರಿಯುವ ಬದಿ ಮಂಕಾಗಬೇಕು. ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ ಪಿಯರ್ ಲ್ಯೂಮಿನೆ 1979ರಲ್ಲೇ ಪಂಚ್ ಕಾರ್ಡ್ ಕಾಲದ ಕಂಪ್ಯೂಟರಿನಿಂದ ಲೆಕ್ಕ ತೆಗೆದು, ಚುಕ್ಕಿ ಚುಕ್ಕಿಯಾಗಿ ಶಾಯಿಯಲ್ಲಿ ಬಿಡಿಸಿದ ಚಿತ್ರದಲ್ಲಿ ಒಂದು ಬದಿ ಬೆಳಕು, ಇನ್ನೊಂದು ಕತ್ತಲು. 2019ರಲ್ಲಿ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ನಿಜ ಚಿತ್ರ ಬಂತಲ್ಲ, ಅದರ ಉಂಗುರವೂ ಒಂದೇ ಬದಿಗೆ ಹೆಚ್ಚು ಹೊಳೆಯುತ್ತದೆ. ಶಾಯಿ ಕುಡಿಕೆಯವರು ಗೆದ್ದರು, ಹಾಲಿವುಡ್ ಸೋತಿತು!

ಉಳಿದ ತೂತುಗಳನ್ನು ಬೇಗ ಮುಗಿಸೋಣ. ಕೂಪರ್ ತಂಡ ಆಮೇಲೆ ಇಳಿಯುವ ಮಾನ್ ಗ್ರಹದ ಮಂಜುಗಡ್ಡೆಯ ಮೋಡಗಳು ತಮ್ಮ ಭಾರ ತಾವೇ ತಡೆಯಲಾರವು. ಇದಕ್ಕೆ ಥಾರ್ನ್ ಕೂಡ ಮುಖ ಕಿವುಚುತ್ತಾರೆ. ಭೂಮಿಯಿಂದ ಏರಲು ಹಂತ ಹಂತವಾಗಿ ಕಳಚುವ ರಾಕೆಟ್ ಬೇಕಾಗಿದ್ದ ಅವರ ರೇಂಜರ್ ನೌಕೆ, ಶೇ 30ರಷ್ಟು ಹೆಚ್ಚು ಗುರುತ್ವವಿರುವ ಮಿಲ್ಲರ್ ಗ್ರಹದಿಂದ ಒಂಟಿಯಾಗಿ ಚಿಮ್ಮುತ್ತದೆ. ಇಂಧನ ಉಳಿಸಲು ರಾಕೆಟ್ ಕಟ್ಟಿದ್ದರು ಎಂದು ಅಭಿಮಾನಿಗಳು ವಾದಿಸುತ್ತಾರೆ, ಇರಲಿ. ಇನ್ನು ಮುಂದಿನ ತಲೆಮಾರಿನವರು ಹಿಂದಿನವರಿಗೆ ವರ್ಮ್‌ಹೋಲ್ ಇಟ್ಟುಕೊಟ್ಟದ್ದು, ಕೂಪರ್ ಪುಸ್ತಕದ ಕಪಾಟಿನ ಹಿಂದಿನಿಂದ ತನಗೆ ತಾನೇ ಸಂದೇಶ ಕಳಿಸಿದ್ದು: ಅದು ತೂತಲ್ಲ, ಗಂಟು. ಬಾಲ ಕಚ್ಚಿದ ಹಾವಿನಂತೆ ಎಲ್ಲೂ ಕಡಿಯದೆ ಸುತ್ತಿ ಬರುತ್ತದೆ. ನನಗೆ ಅಲ್ಲಿ ತಕರಾರಿಲ್ಲ.

ತಕರಾರು ಇರುವುದು ಮಿಲ್ಲರ್ ಬಗ್ಗೆ. ಉಸಿರು ಬಿಗಿಹಿಡಿದು ಕೇಳಿ!

ಲಾರಾ ಮಿಲ್ಲರ್ ಎಂಬ ವಿಜ್ಞಾನಿ ಸುಮಾರು ಹತ್ತು ವರ್ಷ ಮೊದಲೇ ಆ ಗ್ರಹಕ್ಕೆ ಹೋಗಿದ್ದಾಳೆ. ‘ಇಲ್ಲಿ ನೀರಿದೆ, ಪರವಾಗಿಲ್ಲ’ ಎಂಬರ್ಥದ ಅವಳ ಸಂಕೇತ ವರ್ಷಗಟ್ಟಲೆ ಬರುತ್ತಲೇ ಇದೆ. ಅದನ್ನು ನಂಬಿ ಕೂಪರ್ ಮತ್ತು ಅವನ ಜತೆಗಾರರಾದ ಬ್ರ್ಯಾಂಡ್, ಡಾಯ್ಲ್ ಇಳಿಯುತ್ತಾರೆ. ಮೊಣಕಾಲುದ್ದ ನೀರು, ನೌಕೆಯ ಚೂರುಗಳು, ದೂರದಲ್ಲಿ ಬೆಟ್ಟದ ಸಾಲು. ಬೆಟ್ಟವಲ್ಲ, ಒಂದು ಕಿಲೋಮೀಟರಿಗೂ ಎತ್ತರದ ಅಲೆ! ಹಿನ್ನೆಲೆಯಲ್ಲಿ ಹಾನ್ಸ್ ಜಿಮ್ಮರ್ ಸಂಗೀತದ ಟಿಕ್ ಟಿಕ್, ಸುಮಾರು ಒಂದೂಕಾಲು ಸೆಕೆಂಡಿಗೊಂದು. 61 ಸಾವಿರದಿಂದ ಗುಣಿಸಿದರೆ ಒಂದೊಂದು ಟಿಕ್ಕಿಗೆ ಭೂಮಿಯ ಹೆಚ್ಚುಕಡಿಮೆ 21 ಗಂಟೆ. ಮೈ ಜುಮ್ಮೆನ್ನುತ್ತದೆ! ಮೇಲೆ ನೌಕೆಯಲ್ಲಿ ಕಾದ ರೊಮಿಲಿಗೆ 23 ವರ್ಷ ನಾಲ್ಕು ತಿಂಗಳು ಕಳೆದಿರುತ್ತದೆ. ಏಳರಿಂದ ಭಾಗಿಸಿದರೆ ಕೆಳಗಿನವರ ಪಾಲಿಗೆ ಮೂರು ಗಂಟೆ 20 ನಿಮಿಷ. ಅಲ್ಲಿಯವರೆಗೆ ಲೆಕ್ಕ ಅಚ್ಚುಕಟ್ಟು.

ಈಗ ಅದೇ ಭಾಗಾಕಾರವನ್ನು ಮಿಲ್ಲರ್‌ಗೆ ಹಾಕಿ. ಹತ್ತು ವರ್ಷ ಭಾಗಿಸು ಏಳು: ಒಂದು ಗಂಟೆ 25 ನಿಮಿಷ. (ಮೇಲಿನ 25 ನಿಮಿಷಕ್ಕೂ ಇದಕ್ಕೂ ನಂಟಿಲ್ಲ, ಬರೀ ಕಾಕತಾಳೀಯ.) ಅಂದರೆ ಮನುಕುಲ ಹತ್ತು ವರ್ಷದ ವರದಿ ಎಂದು ನಂಬಿದ್ದು, ಒಬ್ಬಳು ಹೆಂಗಸು ಇಳಿದು, ಸುತ್ತ ಕಣ್ಣಾಡಿಸಿ, ಅಲೆಗೆ ಸಿಕ್ಕುವ ಮುನ್ನ ಕಳಿಸಿದ ಒಂದೇ ಒಂದು ಸಾಲು!

ಇದು ಮೊದಲೇ ಯಾರಿಗೂ ಹೊಳೆಯಲಿಲ್ಲವೇ? ಸಮಯ ಹಿಗ್ಗಿದಲ್ಲಿ ರೇಡಿಯೊ ಅಲೆಯೂ ಹಿಗ್ಗಬೇಕು. ಮಿಲ್ಲರ್ ನೂರು ಮೆಗಾಹರ್ಟ್ಜ್‌ನಲ್ಲಿ, ಅಂದರೆ ನಮ್ಮ ಎಫ್‌ಎಂ ಕಂಪನದಲ್ಲಿ ಕಳಿಸಿದ್ದರೆ, ಹೊರಗಿನವರಿಗೆ ಅದು 1,600 ಹರ್ಟ್ಜ್ ಆಸುಪಾಸಿಗೆ ಕುಸಿದು ಸಿಗಬೇಕು. ಅಂಥ ವಿಚಿತ್ರ ಸಂಕೇತ ಹಿಡಿದ ಯಾವ ಎಂಜಿನಿಯರಿಗೂ ಅದು ಎಲ್ಲಿಂದ ಬರುತ್ತಿದೆ ಎಂದು ಅವತ್ತೇ ಗೊತ್ತಾಗಬೇಕಿತ್ತು! ಹೋಗಲಿ, ಇಳಿಯುವ ಮುನ್ನ ನೌಕೆಯಲ್ಲಿ ಎಲ್ಲರಿಗೂ ಏಳು ವರ್ಷದ ಸಂಗತಿ ತಿಳಿದಿದೆ. ಕೂಪರ್ ಬಿಳಿ ಹಲಗೆಯ ಮೇಲೆ ಗೆರೆ ಎಳೆದು ಯೋಜನೆ ಹಾಕುತ್ತಾನೆ. ತಾವು ಕಳೆದುಕೊಳ್ಳುವ ವರ್ಷಗಳನ್ನು ಎಣಿಸುತ್ತಾರೆ, ಅವಳಿಗೆ ಸಿಕ್ಕ ನಿಮಿಷಗಳನ್ನು ಎಣಿಸುವುದಿಲ್ಲ. ನೊಬೆಲ್ ವಿಜ್ಞಾನಿ ಕಾವಲು ಕೂತ ಕಥೆಯಲ್ಲಿ, ಕಪ್ಪುಕುಳಿಯ ಗಣಿತ ಗಟ್ಟಿ. ತೂತು ಇರುವುದು ಶಾಲೆಯ ಭಾಗಾಕಾರದಲ್ಲಿ!

ಮಿಲ್ಲರ್ ಇಳಿದು ಕೆಲವೇ ಗಂಟೆ ಆಗಿರಬೇಕು, ಸತ್ತು ಬರೀ ನಿಮಿಷಗಳಾಗಿರಬೇಕು ಎಂದು ಕೊನೆಗೂ ಬಾಯಿಬಿಟ್ಟು ಹೇಳುವವಳು ಬ್ರ್ಯಾಂಡ್, ಅಲೆ ಹೊಡೆದ ಮೇಲೆ. ಇಳಿಯುವ ಮುಂಚೆ ಹೇಳಿದ್ದರೆ ಡಾಯ್ಲ್ ಬದುಕುತ್ತಿದ್ದ.