‘ಬೇಡ’ಕ್ಕೆ ಐದು ತಿಂಗಳು, ‘ಬೇಕು’ಗೆ ನಲವತ್ತು ವರ್ಷ

ಬೆಂಗಳೂರಿನ ಬೀದಿ ಹೋರಾಟಗಳಿಗೆ ದೊಡ್ಡ ನಿಘಂಟೇನೂ ಬೇಕಿಲ್ಲ. ‘ಬೇಡ’ ಮತ್ತು ‘ಬೇಕು’ ಎಂಬ ಎರಡು ಪದ ಗೊತ್ತಿದ್ದರೆ ಈ ಊರಿನ ಹತ್ತು ವರ್ಷಗಳ ಸಂಚಾರ ಚರಿತ್ರೆಯನ್ನು ಓದಿಬಿಡಬಹುದು. 2016ರಲ್ಲಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಕೂಗು ಎದ್ದಿತು. ಕೆಲವೇ ವಾರಗಳಲ್ಲಿ, ಹೆಚ್ಚು ಕಡಿಮೆ ಅದೇ ಜನ ‘ಚುಕುಬುಕು ಬೇಕು’ ಎಂದರು, ಅಂದರೆ ಉಪನಗರ ರೈಲು ಬೇಕು ಎಂದರು. ಅದರ ಬೆನ್ನಲ್ಲೇ ಬಂದದ್ದು ‘ಬಸ್ ಭಾಗ್ಯ ಬೇಕು’. ಅನ್ನಭಾಗ್ಯ, ಕ್ಷೀರಭಾಗ್ಯಗಳ ಕಾಲ ಅದು. ಸರ್ಕಾರಕ್ಕೆ ಅರ್ಥವಾಗುವ ಭಾಷೆಯಲ್ಲೇ ಕೇಳೋಣ ಎಂದುಕೊಂಡರೋ ಏನೋ.

ಈ ಎರಡು ಪದಗಳಲ್ಲಿ ಒಂದು ಬೇಗ ಗೆದ್ದಿತು. ಇನ್ನೊಂದು ಇಂದಿಗೂ ಸ್ಟಾಪಿನಲ್ಲಿ ನಿಂತಿದೆ.

ಗೆದ್ದ ಪದದ ಕಥೆಯಿಂದಲೇ ಶುರುಮಾಡೋಣ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲೆ ಬಳ್ಳಾರಿ ರಸ್ತೆಯ ಪಾಡು ಹೇಳತೀರದಾಯಿತು. ಅದಕ್ಕೆ ಮದ್ದು ಎಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ರಾಜ್ಯ ಸಚಿವ ಸಂಪುಟ 2016ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾದ ಮರಗಳು 812. ಕೋಟಿಗಳ ಲೆಕ್ಕಕ್ಕಿಂತ ಊರನ್ನು ಕೆರಳಿಸಿದ್ದು ಮರಗಳ ಲೆಕ್ಕ. ಅಕ್ಟೋಬರ್ 16ರ ಭಾನುವಾರ ಬೆಳಿಗ್ಗೆ ಸಾವಿರಾರು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ಸರಪಳಿಯಾಗಿ ನಿಂತರು. ರಂಗಕರ್ಮಿ ಪ್ರಕಾಶ್ ಬೆಳವಾಡಿಯಂಥವರಿದ್ದರು, ವಾಯುವಿಹಾರಕ್ಕೆ ಬಂದವರಿದ್ದರು, ಮಕ್ಕಳನ್ನು ಕರೆತಂದ ತಾಯಂದಿರಿದ್ದರು. ಅದೇ ತಿಂಗಳು ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. ವಿರೋಧ ಪಕ್ಷಗಳು ಅವ್ಯವಹಾರದ ಆರೋಪ ಹೊರಿಸಿದವು, ಸರ್ಕಾರ ಅಲ್ಲಗಳೆಯಿತು. 2017ರ ಮಾರ್ಚ್ 2ರಂದು ಆಗಿನ ಬೆಂಗಳೂರು ಅಭಿವೃದ್ಧಿ ಸಚಿವ ಕೆ.ಜೆ. ಜಾರ್ಜ್ ಯೋಜನೆ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಒಪ್ಪಿಗೆಯಿಂದ ಅಂತ್ಯದವರೆಗೆ ಐದೇ ತಿಂಗಳು.

ಇಂಥ ಗೆಲುವು ಸುಳ್ಳಲ್ಲ, ಸಣ್ಣದೂ ಅಲ್ಲ. ಆದರೆ ‘ಬೇಡ’ಕ್ಕೆ ಒಂದು ಅನುಕೂಲವಿದೆ: ಒಂದೇ ಒಂದು ಆದೇಶ ಸಾಕು, ಕೆಲಸ ನಿಲ್ಲುತ್ತದೆ. ‘ಬೇಕು’ ಹಾಗಲ್ಲ. ಅದಕ್ಕೆ ಕಡತ ಹತ್ತು ಮೇಜು ದಾಟಬೇಕು, ದುಡ್ಡು ಬರಬೇಕು, ಜಾಗ ಸಿಗಬೇಕು, ಗುತ್ತಿಗೆದಾರ ಓಡಿಹೋಗಬಾರದು, ಅಧಿಕಾರಿ ವರ್ಗವಾಗಬಾರದು. ‘ಬೇಡ’ ಎನ್ನಲು ಒಂದು ಭಾನುವಾರದ ಬೆಳಿಗ್ಗೆ ಸಾಕಾದೀತು. ‘ಬೇಕು’ ಎಂದವರು ವರ್ಷಗಟ್ಟಲೆ ಪ್ರತಿ ಸೋಮವಾರ ಕಚೇರಿಯ ಬಾಗಿಲು ತಟ್ಟಬೇಕು.

ಹೊರವರ್ತುಲ ರಸ್ತೆಯ ಬಸ್ ಪಥವನ್ನೇ ನೋಡಿ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಟಿನ್ ಫ್ಯಾಕ್ಟರಿವರೆಗೆ ರಸ್ತೆಯ ಒಂದು ಸಾಲನ್ನು ಬಸ್ಸಿಗೆಂದೇ ಬಿಟ್ಟುಕೊಡುವ ಪ್ರಯೋಗ 2019ರ ಅಕ್ಟೋಬರ್‌ನಲ್ಲಿ ಶುರುವಾಯಿತು. ‘ನಿಂಬಸ್’ ಎಂದು ಹೆಸರಿಟ್ಟರು. ರಸ್ತೆಯ ಮೇಲೆ ಬಣ್ಣ ಬಳಿದು, ಪಕ್ಕದಲ್ಲಿ ಗೂಟಗಳನ್ನು ನೆಟ್ಟರು. ಕಾರಿನವರು ಗೊಣಗಿದರು, ಕೆಲವು ಗೂಟಗಳು ವಾಹನಗಳ ಹೊಡೆತಕ್ಕೆ ಮುರಿದವು. ಆದರೂ ಹೆಬ್ಬಾಳ ಕಡೆಗೆ ಹೋಗುವ 500ಡಿ ಹತ್ತಿದವರಿಗೆ, ಪಕ್ಕದಲ್ಲಿ ಕಾರುಗಳು ತೆವಳುತ್ತಿರುವಾಗ ತಮ್ಮ ಬಸ್ಸು ಮುಂದೆ ಸಾಗುವುದನ್ನು ಕಾಣುವ ಭಾಗ್ಯ ಅಪರೂಪಕ್ಕೆ ಸಿಕ್ಕಿತ್ತು. ಆಮೇಲೆ ಕೋವಿಡ್ ಬಂತು. ಅದರ ಹಿಂದೆಯೇ ಅದೇ ರಸ್ತೆಯಲ್ಲಿ ಮೆಟ್ರೊದ ನೀಲಿ ಮಾರ್ಗದ ಕೆಲಸ ಬಂತು. ಪಥ ಮಾಯವಾಯಿತು. ಅದನ್ನು ರದ್ದು ಮಾಡಿದೆವು ಎಂದು ಯಾರೂ ಗಟ್ಟಿಯಾಗಿ ಹೇಳಲೂ ಇಲ್ಲ. ಸೇತುವೆ ನಿಂತರೆ ಸುದ್ದಿಯಾಗುತ್ತದೆ, ಬಸ್ ಪಥ ಅಳಿಸಿಹೋದರೆ ಬಣ್ಣ ಮಾಸಿದಂತೆ ಅಷ್ಟೇ. ರಿಬ್ಬನ್ ಕತ್ತರಿಸಲು ಅಲ್ಲಿ ಏನೂ ಇರಲಿಲ್ಲವಲ್ಲ.

ಹೊಸೂರು ರಸ್ತೆಯಲ್ಲಿ ಇನ್ನೊಂದು ಬಗೆಯ ಕಾಯುವಿಕೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರ್ ಹಳದಿ ಮಾರ್ಗದ ಕಂಬ, ಹಳಿ, ನಿಲ್ದಾಣ ಎಲ್ಲ ಎದ್ದು ನಿಂತಿದ್ದರೂ ಓಡಲು ರೈಲುಗಳೇ ಇರಲಿಲ್ಲ. ಬೋಗಿಗಳ ಗುತ್ತಿಗೆ 2019ರಲ್ಲೇ ಚೀನಾದ ಕಂಪನಿಗೆ ಹೋಗಿತ್ತು. ಮೊದಲ ರೈಲು ಬೆಂಗಳೂರು ತಲುಪಿದ್ದು 2024ರ ಫೆಬ್ರುವರಿಯಲ್ಲಿ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಖಾಲಿ ಹಳಿಯ ನೆರಳಲ್ಲೇ ಟ್ರಾಫಿಕ್ಕಿನಲ್ಲಿ ನಿಂತರು. ಕೊನೆಗೆ 2025ರ ಆಗಸ್ಟ್ 10ರಂದು ಮಾರ್ಗ ತೆರೆಯಿತು. ಮೂರೇ ರೈಲು, ಇಪ್ಪತ್ತೈದು ನಿಮಿಷಕ್ಕೊಂದು! ಅದೇ ವರ್ಷ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತ್ತು. ಕೆಲವು ನಿಲ್ದಾಣಗಳ ನಡುವೆ ಟಿಕೆಟ್ಟು ದುಪ್ಪಟ್ಟಾದದ್ದನ್ನು ಕಂಡು ಜನ ರೇಗಿದರು, ನಿಗಮ ಒಂದು ವಾರದೊಳಗೆ ಸ್ವಲ್ಪ ಇಳಿಸಿತು. ಇಲ್ಲಿಯೂ ಕೇಳಿಸಿದ್ದು ‘ಬೇಡ’ವೇ, ಅದೂ ಅರೆಬರೆ.

ಹಾಗಾದರೆ ‘ಬೇಕು’ ಎಂಬುದು ಸಿಕ್ಕಿಬಿಟ್ಟರೆ ಜನ ಸುಮ್ಮನಾಗುತ್ತಾರೆಯೇ? ಹುಬ್ಬಳ್ಳಿ-ಧಾರವಾಡದವರನ್ನು ಕೇಳಬೇಕು. ಬಸ್ಸಿಗೇ ಮೀಸಲಾದ ರಸ್ತೆ ಬೇಕು ಎಂದು ಬೆಂಗಳೂರಿನವರು ಹಂಬಲಿಸುತ್ತಿರುವಾಗ, ಅವಳಿ ನಗರಕ್ಕೆ ಅಂಥ 22 ಕಿಲೋಮೀಟರ್ ರಸ್ತೆ ಒದಗಿ ಬಂತು. ವಿಶ್ವಬ್ಯಾಂಕಿನ ನೆರವಿತ್ತು. 2018ರ ಅಕ್ಟೋಬರ್‌ನಲ್ಲಿ ಹವಾನಿಯಂತ್ರಿತ ‘ಚಿಗರಿ’ ಬಸ್ಸುಗಳು ಓಡತೊಡಗಿದವು. ಚಿಗರಿ ಎಂದರೆ ಆ ಕಡೆಯ ಮಾತಿನಲ್ಲಿ ಜಿಂಕೆ. ಇಷ್ಟು ಮುದ್ದಾದ ಹೆಸರು ಬೇರಾವ ಸರ್ಕಾರಿ ಬಸ್ಸಿಗೂ ಸಿಕ್ಕಿರಲಿಕ್ಕಿಲ್ಲ. ಬಸ್ಸಿನೊಳಗೆ ಕೂತವರಿಗೆ ಸುಖವೇ. ಆದರೆ ನಡುವಿನ ಪಥ ಅರ್ಧ ಖಾಲಿಯಿರುವಾಗ, ಅಕ್ಕಪಕ್ಕದ ಸಾಲುಗಳಲ್ಲಿ ಆಟೊ, ಲಾರಿ, ಬೈಕುಗಳೆಲ್ಲ ಒತ್ತಿಕೊಂಡು ಸಾಗಬೇಕು. ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಗಲು ವೃದ್ಧರು ಪರದಾಡಬೇಕು. ಜೋರು ಮಳೆಯಾದರೆ ಧಾರವಾಡದ ಟೋಲ್ ನಾಕಾದಲ್ಲಿ ರಸ್ತೆಯೇ ಹಳ್ಳ. ಈಗ ಅಲ್ಲಿ ಬಸ್ಸಿನ ಪಥವನ್ನು ಎಲ್ಲರಿಗೂ ಬಿಡಿ ಎಂಬ ಕೂಗಿದೆ. ದೆಹಲಿಯಲ್ಲಿ 2008ರಲ್ಲಿ ಶುರುವಾದ ಇಂಥದೇ ಪಥವನ್ನು ಕೆಲವೇ ವರ್ಷಗಳಲ್ಲಿ ಒಡೆದುಹಾಕಿದರು. ಅಹಮದಾಬಾದಿನ ‘ಜನಮಾರ್ಗ’ 2009ರಿಂದ ಓಡುತ್ತಲೇ ಇದೆ. ಬಸ್ ಪಥ ಒಳ್ಳೆಯದೋ ಕೆಟ್ಟದ್ದೋ ಎನ್ನುವುದಕ್ಕಿಂತ, ಚರಂಡಿ ಎಲ್ಲಿ ಬರಬೇಕು, ಜನ ಎಲ್ಲಿ ದಾಟುತ್ತಾರೆ ಎಂಬುದನ್ನು ನೀಲನಕ್ಷೆ ಹಾಕುವ ಮುನ್ನ ಓಣಿಯವರನ್ನು ಕೇಳಿದ್ದರೆ ಈ ಸಿಟ್ಟಿನಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ.

ಕೇಳುವವರು ಯಾರು, ಕೇಳಿಸಿಕೊಳ್ಳುವವರು ಯಾರು? ಬೆಂಗಳೂರಿನಲ್ಲಿ ಇದು ಬರೀ ಮಾತಿಗೆ ಹೇಳುವ ಪ್ರಶ್ನೆಯಲ್ಲ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ಐದು ವರ್ಷ ಚುನಾವಣೆ ಇಲ್ಲ; 2025ರ ಸೆಪ್ಟೆಂಬರ್‌ನಲ್ಲಿ ಊರನ್ನು ಐದು ಪಾಲಿಕೆಗಳಾಗಿ ಒಡೆದದ್ದು ಕೂಡ ಚುನಾಯಿತ ಸದಸ್ಯರಿಲ್ಲದ ಹೊತ್ತಿನಲ್ಲಿ. ಬಸ್ ತಂಗುದಾಣ ತಪ್ಪು ಜಾಗದಲ್ಲಿದೆ ಎಂದು ಹೇಳಲು ಕಾರ್ಪೊರೇಟರ್ ಮನೆಗೆ ಹೋಗುವ ಹಳೆಯ ರೂಢಿಯೂ ತಪ್ಪಿಹೋಯಿತು. ಇನ್ನು ನಗರದ ಮಹಾಯೋಜನೆ? ಈಗಲೂ ಜಾರಿಯಲ್ಲಿರುವುದು 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಬೆಂಗಳೂರನ್ನು ಊಹಿಸಿಕೊಂಡ ನಕ್ಷೆ. 2031ರ ಕರಡನ್ನು 2017ರಲ್ಲಿ ಹೊರತಂದರು, 2020ರಲ್ಲಿ ಹಿಂದಕ್ಕೆ ಪಡೆದರು. ಬಸ್ಸು, ಮೆಟ್ರೊ, ರಸ್ತೆ ಎಲ್ಲವನ್ನೂ ಒಂದೇ ಕಡೆ ಕೂತು ಯೋಚಿಸಲಿ ಎಂದು ಭೂಸಾರಿಗೆ ಪ್ರಾಧಿಕಾರದ ಮಸೂದೆಯೊಂದಕ್ಕೆ 2022ರಲ್ಲಿ ಶಾಸನಸಭೆ ಒಪ್ಪಿಗೆ ಕೊಟ್ಟಿತು. ಕಾಯ್ದೆ ಬಂದ ಮೇಲೂ ದೊಡ್ಡ ಯೋಜನೆಗಳು ಬೇರೆ ಬೇರೆ ಬಾಗಿಲುಗಳಿಂದಲೇ ಹೊರಬರುತ್ತಿವೆ ಎಂಬುದು ಟೀಕಾಕಾರರ ದೂರು.

ನಗರದ ಅಂಚಿನ ರೈತರ ಸಂಕಟವೇ ಬೇರೆ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೆ ಮದ್ರಾಸ್ ರಸ್ತೆಗಳನ್ನು ಹಾದು ಹೊಸೂರು ರಸ್ತೆಯವರೆಗೆ ಪೆರಿಫೆರಲ್ ರಿಂಗ್ ರಸ್ತೆ ಮಾಡುತ್ತೇವೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಅಂತಿಮ ಅಧಿಸೂಚನೆ ಹೊರಡಿಸಿದ್ದು 2007ರಲ್ಲಿ. ಜಮೀನಿನ ಮೇಲೆ ಅಧಿಸೂಚನೆ ಕೂತ ಮೇಲೆ ಒಳ್ಳೆಯ ಬೆಲೆಗೆ ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ. ಇತ್ತ ಪರಿಹಾರವೂ ಕೈಗೆ ಬರಲಿಲ್ಲ. ಯಾವ ಕಾಯ್ದೆಯಡಿ ಪರಿಹಾರ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಈ ನಡುವೆ ಯೋಜನೆಗೆ ‘ಬೆಂಗಳೂರು ಬಿಸಿನೆಸ್ ಕಾರಿಡಾರ್’ ಎಂಬ ಹೊಸ ಹೆಸರಾಯಿತು. ಅಧಿಸೂಚನೆ ಬಂದಾಗ ನಡುವಯಸ್ಸಿನಲ್ಲಿದ್ದವರು ಮುದುಕರಾದರು. ಅವರದು ಬೇಡವೂ ಅಲ್ಲ, ಬೇಕೂ ಅಲ್ಲ: ಏನಾದರೂ ಒಂದು ಹೇಳಿಬಿಡಿ ಸ್ವಾಮಿ ಎಂಬ ಗೋಗರೆತ.

ಹೀಗಿರುವಾಗ ‘ಬೇಡ’ ಮತ್ತೆ ಬೀದಿಗೆ ಬಂತು, 2025ರಲ್ಲಿ, ಲಾಲ್‌ಬಾಗಿನ ಬಾಗಿಲಿಗೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯಲ್ಲಿ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ, ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅದಕ್ಕಾಗಿ ಲಾಲ್‌ಬಾಗಿನ ಜಾಗವನ್ನೂ ಬಳಸುತ್ತಾರೆ ಎಂದು ತಿಳಿದದ್ದೇ, ಬೆಳಗಿನ ನಡಿಗೆಗೆ ಬರುವವರು ಸಹಿ ಸಂಗ್ರಹಕ್ಕೆ ನಿಂತರು. ಅಲ್ಲಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಂಗಳೂರಿನಲ್ಲಿ ಒಂದು ಕೋಟಿ ಮೀರಿದ ವಾಹನಗಳಲ್ಲಿ ಬಹುಪಾಲು ಸ್ಕೂಟರ್, ಬೈಕುಗಳು. ಅವುಗಳಿಗೆ ಈ ಸುರಂಗದಲ್ಲಿ ಜಾಗವಿಲ್ಲ. ಕಾರಿದ್ದವರು ಟೋಲ್ ಕೊಟ್ಟು ಹೋಗುವ ದಾರಿ ಇದು.

ಒಂದು ಸಣ್ಣ ಭಾಗಾಕಾರ ಮಾಡಿ ನೋಡಬಹುದು. ಸುರಂಗದ ಒಂದು ಕಿಲೋಮೀಟರಿಗೆ ಸಾವಿರ ಕೋಟಿ ರೂಪಾಯಿ. ಕೇಂದ್ರ ಸರ್ಕಾರ 2020ರ ಅಕ್ಟೋಬರ್‌ನಲ್ಲಿ ಒಪ್ಪಿದ ಉಪನಗರ ರೈಲಿಗೆ 148 ಕಿಲೋಮೀಟರಿಗೆ 15,767 ಕೋಟಿ, ಅಂದರೆ ಕಿಲೋಮೀಟರಿಗೆ ನೂರು ಕೋಟಿಯ ಆಸುಪಾಸು. ಈ ಲೆಕ್ಕ ನಾಳೆ ಏರಿದರೂ ಅಂತರವೇನೂ ಮುಚ್ಚಿಹೋಗುವಂಥದ್ದಲ್ಲ.

ಆ ರೈಲಿನ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳು. ಮೆಜೆಸ್ಟಿಕ್ಕಿನಿಂದ ತುಮಕೂರು, ಮೈಸೂರು, ಹೊಸೂರು, ಬಂಗಾರಪೇಟೆ ಕಡೆಗೆಲ್ಲ ಹಳಿಗಳು ಮೊದಲೇ ಹಾಸಿಕೊಂಡಿರುವ ಊರು ಇದು; ಉಪನಗರ ರೈಲಿನ ಮಾತು 1980ರ ದಶಕದಿಂದಲೂ ಇತ್ತು. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದಾಗ, ನಲವತ್ತು ವರ್ಷ ನೆನೆಗುದಿಗೆ ಬಿದ್ದದ್ದನ್ನು ನಲವತ್ತು ತಿಂಗಳಲ್ಲಿ ಮುಗಿಸುವ ಭರವಸೆ ಸಿಕ್ಕಿತು. ರಾಜ್ಯ ಮತ್ತು ರೈಲ್ವೆ ಸೇರಿ ಕಟ್ಟಿದ ಕೆ-ರೈಡ್ ಕಂಪನಿಗೆ ಜಾಗದ ತೊಡಕು, ಮರ ಕಡಿಯುವ ಅನುಮತಿಯ ತೊಡಕು. 2025ರಲ್ಲಿ ದೊಡ್ಡ ಗುತ್ತಿಗೆದಾರ ಕಂಪನಿಯೇ ಎರಡು ಮಾರ್ಗಗಳ ಕೆಲಸದಿಂದ ಹಿಂದೆ ಸರಿಯಿತು.

ಬೆರಳೆಣಿಸಿ ನೋಡಿದರೆ ಆ ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಮಲ್ಲಿಗೆಯ ಹಾದಿಯಲ್ಲಿ ಆಗ ಅಲ್ಲಲ್ಲಿ ಕಂಬಗಳಿದ್ದವು, ರೈಲಿರಲಿಲ್ಲ. ಬಂಗಾರಪೇಟೆ, ಮಾಲೂರಿನ ಕಡೆಯಿಂದ ಕೆಲಸಕ್ಕೆ ಬರುವವರು ಎಂದಿನಂತೆ ಬೆಳಗಿನ ಹಳೆಯ ರೈಲಿನ ಬಾಗಿಲ ಸರಳು ಹಿಡಿದು, ಊಟದ ಡಬ್ಬಿಯನ್ನು ಒಳಗೆ ಕೂತವರ ಕೈಗೆ ಕೊಟ್ಟು, ಬೆಂಗಳೂರಿಗೆ ಬಂದಿಳಿದರು.