ಇನ್ನೂರು ಯೂನಿಟ್ ಎಲ್ಲಿ ಸಾರ್?

ನಮ್ಮ ಬೀದಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವ ಒಬ್ಬ ಅಕ್ಕ ಇದ್ದಾರೆ. ಮೊನ್ನೆ ಕರೆಂಟ್ ಬಿಲ್ ಹಿಡಿದು ನನ್ನನ್ನು ತಡೆದರು. 'ಎಲ್ರಿಗೂ 200 ಯೂನಿಟ್ ಫ್ರೀ ಅಂತ ಸಿದ್ದರಾಮಯ್ಯನೋರು ಹೇಳಿದ್ರು, ನೀವೂ ಟಿವೀಲಿ ಹೇಳಿದ್ರಿ. ನಂದು ಆಗಿರೋದು ಬರೀ 80. ಮತ್ತೆ ಈ ಬಿಲ್ ಯಾಕೆ ಸಾರ್?'

ಬಿಲ್ ತಪ್ಪಿರಲಿಲ್ಲ. 2023ರ ಜುಲೈನಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಲೆಕ್ಕವೇ ಬೇರೆ ನೋಡಿ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದಕ್ಕೆ ಶೇ. 10 ಸೇರಿಸ್ತಾರೆ. ಅಷ್ಟೇ ಫ್ರೀ. 200 ಅನ್ನೋದು ಮೇಲಿನ ಮಿತಿ, ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಕ್ಕನ ಸರಾಸರಿ 60. ಹಾಗಾಗಿ 66 ಫ್ರೀ, ಉಳಿದ 14ಕ್ಕೆ ದುಡ್ಡು. (ಸರಾಸರಿ 48ಕ್ಕಿಂತ ಕಮ್ಮಿ ಇದ್ದವರಿಗೆ 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಅಂತ ಮಾಡಿದರು. ಅಕ್ಕ ಅದರಲ್ಲೂ ಬರಲ್ಲ.)

'ಅಂದ್ರೆ ಆವತ್ತು ಜಾಸ್ತಿ ಉರಿಸಿದೋರಿಗೆ ಜಾಸ್ತಿ ಫ್ರೀ! ಕೊರೊನಾ ಆದ್ಮೇಲೆ ನಂಗೆ ಆರ್ಡರೇ ಇರಲಿಲ್ಲ, ಮಷೀನು ಸುಮ್ನೆ ಕೂತಿತ್ತು. ಈಗ ಕೆಲಸ ಬಂದಿದೆ, ಮೋಟರು, ಇಸ್ತ್ರಿ ಎಲ್ಲ ಓಡ್ತಿದೆ. ಅದಕ್ಕೆ ಬಿಲ್ಲಾ?'

ಘೋಷಣೆಯನ್ನು ದಿನಕ್ಕೆ ಹತ್ತು ಸಲ ತೋರಿಸಿದ ನಾವು ಈ ಸರಾಸರಿಯ ಲೆಕ್ಕವನ್ನು ಎಷ್ಟು ಸಲ ತೋರಿಸಿದೆವು? ಅಕ್ಕನೇನೂ ಸರ್ಕಾರವನ್ನು ಬೈಯಲಿಲ್ಲ. 'ಮೊದ್ಲು ಅಷ್ಟಕ್ಕೂ ಕಟ್ತಿದ್ದೆ, ಈಗ ಹದಿನಾಲ್ಕಕ್ಕೆ. ಇಲ್ಲ ಅನ್ನಲ್ಲ. ಅದನ್ನೇ ಮೊದ್ಲೇ ಹೇಳಿದ್ರೆ ಏನಾಗ್ತಿತ್ತು ಸಾರ್?'