ಕೆಂಪು ಆಯಿಲ್ ಎಲ್ಲ ಗೇರ್ ಬಾಕ್ಸಿಗೂ ಅಲ್ಲ

ಚಿಂತಾಮಣಿಯ ಟೊಮೇಟೊ, ಶಿಡ್ಲಘಟ್ಟದ ರೇಷ್ಮೆ, ಗೌರಿಬಿದನೂರಿನ ಕಾರ್ಖಾನೆಗಳ ಸರಕು, ಚಿಕ್ಕಬಳ್ಳಾಪುರದ ಕ್ವಾರಿಗಳ ಜಲ್ಲಿ ಎಲ್ಲವೂ ಸಾಗುವುದು ಲಾರಿ, ಟಿಪ್ಪರ್‌ಗಳಲ್ಲೇ. ಹೆಚ್ಚಿನವು ಈಗಲೂ ಕೈಯಲ್ಲಿ ಗೇರ್ ಹಾಕುವ ಗಾಡಿಗಳು. ಕ್ಲಚ್ ಪೆಡಲ್ ಇಲ್ಲದವೂ ಬರತೊಡಗಿವೆ. ಹಳೇ ಗಾಡಿಯ ರೂಢಿಯನ್ನೇ ಇವಕ್ಕೂ ಹಚ್ಚಿದರೆ ನಷ್ಟ ಮಾಲೀಕನಿಗೇ. ಅಂಥ ಕೆಲವು ರೂಢಿಮಾತುಗಳನ್ನು ಇಲ್ಲಿ ನೋಡೋಣ.

“ಕ್ಲಚ್ ಪೆಡಲ್ ಇಲ್ಲ ಅಂದ್ರೆ ಆಟೊಮ್ಯಾಟಿಕ್, ಕೆಂಪು ಆಯಿಲ್ ಹಾಕಿ”

ಇದೇ ಎಲ್ಲಕ್ಕಿಂತ ದುಬಾರಿ ತಪ್ಪು. ನಮ್ಮ ಲಾರಿಗಳಲ್ಲಿ ಕಾಣುವ ಎಎಂಟಿ (ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್) ನಿಜವಾದ ಆಟೊಮ್ಯಾಟಿಕ್ ಅಲ್ಲ. ಒಳಗಿರುವುದು ಅದೇ ಹಲ್ಲುಚಕ್ರ, ಅದೇ ಕ್ಲಚ್ ಪ್ಲೇಟ್. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಮಾತ್ರ ಕಂಪ್ಯೂಟರ್ ವಹಿಸಿಕೊಂಡಿದೆ. ಅದಕ್ಕೆ ಬೇಕಾದದ್ದು ಸಾಮಾನ್ಯವಾಗಿ ಗೇರ್ ಆಯಿಲ್. ಅದು ಯಾವ ದರ್ಜೆಯದು ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ.

ನಿಜವಾದ ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಪ್ಲೇಟಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. 2006ರಲ್ಲಿ ಬೆಂಗಳೂರಿಗೆ ಬಂದ ಬಿಎಂಟಿಸಿ ವೋಲ್ವೊ ಬಸ್ಸುಗಳು, ಬೆಮೆಲ್‌ನ ಹಲವು ಗಣಿ ಡಂಪರ್‌ಗಳು ಈ ಬಗೆಯವು. ಇಲ್ಲಿ ಎಂಜಿನ್ನಿನ ಬಲವನ್ನು ದಾಟಿಸುವುದು, ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯುವುದು, ಶಾಖ ಹೊರುವುದು ಎಲ್ಲ ಎಟಿಎಫ್‌ನ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಕೆಲಸ. ಗ್ಯಾರೇಜಿನಲ್ಲಿ ಪವರ್ ಸ್ಟೀರಿಂಗಿಗೆಂದು ಇಟ್ಟ ಕೆಂಪು ಆಯಿಲ್ ಈ ಎರಡರಲ್ಲಿ ಯಾವುದಕ್ಕೂ ಹೊಂದುತ್ತದೆ ಎಂಬ ಖಾತರಿಯಿಲ್ಲ.

“ಕಂಪನಿ ಹಾಕಿದ ಆಯಿಲ್ ಗಾಡಿ ಇರೋವರೆಗೂ ಸಾಕು”

ಶಾಖ ಹೆಚ್ಚಿದಷ್ಟೂ ಎಟಿಎಫ್ ಬೇಗ ಕೆಡುತ್ತದೆ. ಕ್ವಾರಿಯ ಏರಿನಲ್ಲಿ ತುಂಬಿದ ಲೋಡು ಹೊತ್ತು ನಿಧಾನವಾಗಿ ಹತ್ತುವ ಗಾಡಿಗೆ ಹೆದ್ದಾರಿ ಗಾಡಿಯ ಲೆಕ್ಕ ನಡೆಯದು. ಪುಸ್ತಕದಲ್ಲಿ ‘ಕಠಿಣ ಬಳಕೆ’ಗೆಂದೇ ಬೇರೆ ಅವಧಿ ಕೊಟ್ಟಿದ್ದರೆ ನಮ್ಮ ಟಿಪ್ಪರ್‌ಗಳು ಹಿಡಿಯಬೇಕಾದದ್ದು ಅದನ್ನೇ.

“ಹೊಸ ಆಯಿಲ್ ಹಾಕಿದ ಮೇಲೇ ಗೇರ್ ಬಾಕ್ಸ್ ಹೋಯ್ತು”

ಈ ದೂರು ಸುಳ್ಳಲ್ಲ, ಕಾರಣ ಮಾತ್ರ ತಪ್ಪು. ಬಹಳಷ್ಟು ಮಂದಿ ಆಯಿಲ್ ಬದಲಿಸಲು ಬರುವುದು ಗೇರ್ ಜಾರತೊಡಗಿದ ಮೇಲೆ. ಅಷ್ಟರಲ್ಲಿ ಒಳಗಿನ ಕ್ಲಚ್‌ಗಳು ಸವೆದಿರುತ್ತವೆ. ಸವೆದದ್ದನ್ನು ಯಾವ ಆಯಿಲೂ ಮರಳಿ ತರದು.

“ಫಿಲ್ಟರ್ ಡೀಸೆಲ್‌ನಲ್ಲಿ ತೊಳೆದು ಹಾಕಿದ್ರೆ ಆಯ್ತು”

ಲೋಹದ ಜಾಲರಿಯಾದರೆ ತೊಳೆಯಬಹುದು. ಕಾಗದದ್ದೋ ಫೆಲ್ಟಿನದೋ ಆಗಿದ್ದರೆ ಹೊಸದೇ ಬೇಕು. ಫಿಲ್ಟರ್ ಕಟ್ಟಿಕೊಂಡರೆ ಪಂಪಿಗೆ ಆಯಿಲ್ ಸಾಲದು. ಒತ್ತಡ ಇಳಿದು ಕ್ಲಚ್ ಜಾರುತ್ತದೆ, ಶಾಖ ಏರುತ್ತದೆ. ಪ್ಯಾನ್ ಇಳಿಸಿದಾಗ ಅದರೊಳಗಿನ ಮ್ಯಾಗ್ನೆಟ್ ನೋಡಿ. ನುಣ್ಣನೆಯ ಬೂದು ಕೆಸರು ಸಹಜ ಸವಕಳಿ. ಲೋಹದ ಚೂರು ಸಿಕ್ಕರೆ ಗೇರ್ ಬಾಕ್ಸ್ ಬಿಚ್ಚಿಸಲೇಬೇಕು. ಗ್ಯಾಸ್ಕೆಟ್ ಹೊಸದೇ ಇರಲಿ.

“ಎಂಜಿನ್ ಆಫ್ ಮಾಡಿಯೇ ಲೆವೆಲ್ ನೋಡಬೇಕು”

ಕೈ ಗೇರಿನ ಗಾಡಿಗೆ ಸರಿ. ಆಟೊಮ್ಯಾಟಿಕ್‌ನಲ್ಲಿ ಸಾಮಾನ್ಯವಾಗಿ ಆಯಿಲ್ ಬಿಸಿಯಾಗಿ, ಗಾಡಿ ಸಮತಟ್ಟು ನೆಲದಲ್ಲಿ ನ್ಯೂಟ್ರಲ್‌ನಲ್ಲಿದ್ದು, ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಹ್ಯಾಂಡ್ ಬ್ರೇಕ್ ಹಾಕದೆ, ಚಕ್ರಕ್ಕೆ ಅಡ್ಡ ಕೊಡದೆ ಕೆಳಗೆ ನುಗ್ಗಬೇಡಿ. ಹೆಚ್ಚು ತುಂಬಿದರೂ ಕಷ್ಟವೇ, ಆಯಿಲ್ ನೊರೆಗಟ್ಟುತ್ತದೆ. ಇನ್ನೊಂದು ಮಾತು: ಬಸಿದಾಗ ಟಾರ್ಕ್ ಕನ್ವರ್ಟರಿನೊಳಗಿನ ಹಳೇ ಆಯಿಲ್ ಹೆಚ್ಚಾಗಿ ಅಲ್ಲೇ ಉಳಿಯುತ್ತದೆ. ಹಾಗಾಗಿ ಕ್ಯಾನಿನಲ್ಲಿ ಇಷ್ಟು ಉಳಿಯಿತಲ್ಲ ಎಂದು ಮೆಕ್ಯಾನಿಕ್ ಮೇಲೆ ಅನುಮಾನ ಬೇಡ.

“ಹಳೇ ಆಯಿಲ್ ಗ್ಯಾರೇಜ್ ಮುಂದೆ ಚೆಲ್ಲಿದ್ರೆ ಧೂಳು ಕೂರುತ್ತೆ”

ಧೂಳು ಕೂರುತ್ತದೆ, ಆಯಿಲ್ ಮಳೆಯೊಡನೆ ಕೆರೆ ಸೇರುತ್ತದೆ. ವರ್ಷವಿಡೀ ಹರಿಯುವ ನದಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಲ್ಲ. ಬಯಲುಸೀಮೆಯ ಬದುಕು ಕೆರೆ, ಬೋರ್‌ವೆಲ್‌ಗಳನ್ನೇ ನಂಬಿದೆ. ಬಸಿದದ್ದನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಕೂಡಿಟ್ಟು, ಬಳಸಿದ ಆಯಿಲ್ ಸಂಗ್ರಹಿಸಲು ಪರವಾನಗಿ ಪಡೆದವರಿಗೇ ಕೊಡಿ.